ಎಲ್ಲ ಟೆಸ್ಟ್ ನೆಗೆಟಿವ್ ಬಂದ ಮೇಲೂ ಮಗುವಿನ ಭೇದಿಯ ಹಿಂದಿರುವ ವೈರಸ್ಸನ್ನು ಜೀನ್ ಸೀಕ್ವೆನ್ಸಿಂಗ್ ಹೇಗೆ ಹುಡುಕುತ್ತದೆ?

ಯಾವ ವೈರಸ್ ಇರಬಹುದು ಅಂತ ಮೊದಲೇ ಊಹಿಸದೆ, ಮಲದ ಸ್ಯಾಂಪಲ್‌ನಲ್ಲಿ ಸಿಗುವ ಡಿಎನ್‌ಎ, ಆರ್‌ಎನ್‌ಎ ಚೂರುಗಳನ್ನೆಲ್ಲ ಓದಿ ಹುಡುಕುತ್ತದೆ.

ಮಾಮೂಲಿ ಪಿಸಿಆರ್ ಟೆಸ್ಟ್ ಅಂದರೆ ನಮ್ಮ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಕೈಯಲ್ಲಿ ಒಂದು ಫೋಟೋ ಹಿಡಿದು ಆ ಒಬ್ಬನನ್ನೇ ಹುಡುಕಿದ ಹಾಗೆ. ಫೋಟೋ ಇಲ್ಲದವನು ಪಕ್ಕದಲ್ಲೇ ಹಾದುಹೋದರೂ ಗೊತ್ತಾಗುವುದಿಲ್ಲ, ಅಲ್ವಾ? ಸೀಕ್ವೆನ್ಸಿಂಗ್ ಜಾತ್ರೆಗೆ ಬಂದ ಎಲ್ಲರ ಗುರುತು ಬರೆದುಕೊಳ್ಳುತ್ತದೆ. ಆಮೇಲೆ ಕಂಪ್ಯೂಟರ್ ಆ ಚೂರುಗಳನ್ನು ಗೊತ್ತಿರುವ ವೈರಸ್‌ಗಳ ಪಟ್ಟಿಗೆ ಹೋಲಿಸುತ್ತದೆ. ಪೂರ್ತಿ ಹೊಂದದಿದ್ದರೂ ‘ಇದು ಆ ಮನೆತನದ್ದು’ ಅಂತ ಹಿಡಿಯಬಹುದು. ಹೊಸ ವೈರಸ್ ಸಿಗುವುದೇ ಹೀಗೆ. 1999ರಲ್ಲಿ ಮೆಲ್ಬರ್ನ್‌ನಲ್ಲಿ ಭೇದಿಯಾಗಿದ್ದ ಮಗುವಿನ ಸ್ಯಾಂಪಲ್ ತೆಗೆದಿಟ್ಟಿದ್ದರು. ಅದರಲ್ಲಿ ಆಸ್ಟ್ರೋವೈರಸ್ ಎಂಬ ಮನೆತನಕ್ಕೆ ಸೇರಿದ ಎಂಎಲ್‌ಬಿ1 ಎಂಬ ಹೊಸ ವೈರಸ್ ಇದೆ ಅಂತ ಗೊತ್ತಾಗಿದ್ದು 2008ರಲ್ಲಿ.

ಆದರೆ ಸಿಕ್ಕಿದ್ದೆಲ್ಲ ಕಾರಣ ಅಲ್ಲ. ಮಲದಲ್ಲಿ ಮೆಣಸಿನಗಿಡದ ವೈರಸ್ ಕೂಡ ಸಿಗುತ್ತದೆ, ಸುಮ್ನೆ ಊಟದ ಜತೆ ಬಂದದ್ದು. ರೊಟ್ಟಿಗೆ ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಹಚ್ಚಿಕೊಳ್ಳುವ ನಮ್ಮ ಕಡೆ ಅದು ಸಿಗದಿದ್ದರೇ ಆಶ್ಚರ್ಯ! ಅದಕ್ಕೇ ಆರಾಮ ಇರುವ ಮಕ್ಕಳ ಸ್ಯಾಂಪಲ್ ಜತೆಗೂ ಹೋಲಿಸಬೇಕು. ಮುಂದೆ ವೆಲ್ಲೂರಿನ ಮಕ್ಕಳಲ್ಲಿ ಹಾಗೆ ನೋಡಿದಾಗ ಎಂಎಲ್‌ಬಿ1ಕ್ಕೂ ಭೇದಿಗೂ ನಂಟೇ ಕಾಣಲಿಲ್ಲ.

ಒಂದು ಮಾತು: ಇದು ಹೆಚ್ಚಾಗಿ ಸಂಶೋಧನೆಯ ಕೆಲಸ. ಮಗುವಿಗೆ ಭೇದಿ ಶುರುವಾದರೆ ಯಾವ ರಿಪೋರ್ಟಿಗೂ ಕಾಯದೆ ಓಆರ್‌ಎಸ್ ಕುಡಿಸಿ, ಡಾಕ್ಟರ್ ಹೇಳಿದಷ್ಟು ಜಿಂಕ್ ಮಾತ್ರೆ 14 ದಿನ ಕೊಡಿ.