ಕನ್ನಡ ವಿಕಿಪೀಡಿಯದಲ್ಲಿ ಬರೆಯಲು ಕೋಡಿಂಗ್ ಬರಬೇಕಾ?

ನಿಮ್ಮೂರಿನ ಪುಟಕ್ಕೆ ನಾಲ್ಕು ಸಾಲು ಸೇರಿಸೋಣ ಅಂತ ‘ಸಂಪಾದಿಸಿ’ ಒತ್ತಿದಿರಿ. ಬರೀ ಆವರಣಗಳು, ಗೆರೆಗಳು, ಇಂಗ್ಲಿಷ್ ಪದಗಳು ಕಂಡವು, ಹೆದರಿ ಮುಚ್ಚಿಬಿಟ್ಟೆ ಅಂತ ಬರೆದಿದ್ದೀರಿ. ಕೋಡಿಂಗ್ ಖಂಡಿತ ಬೇಡ. ಒಂದು ಸಂಜೆ ಸಾಕು.

ನೀವು ನೋಡಿ ಹೆದರಿದ್ದು ಬಹುಶಃ ಪುಟದ ಮೇಲ್ತುದಿಯಲ್ಲಿ {{ ಇಂದ ಶುರುವಾಗುವ ಭಾಗ. ಓದುವಾಗ ಬಲಗಡೆ ಜಿಲ್ಲೆ, ತಾಲ್ಲೂಕು, ಜನಸಂಖ್ಯೆ ಅಂತ ಒಂದು ಪೆಟ್ಟಿಗೆ ಕಾಣುತ್ತದಲ್ವಾ, ಅದರ ಒಳಭಾಗ ಅದು. ಸದ್ಯಕ್ಕೆ ಅದರ ತಂಟೆಗೆ ಹೋಗಬೇಡಿ. ಪುಟ ಪೂರ್ತಿ ತೆರೆಯುವ ಬದಲು, ನಿಮಗೆ ಬೇಕಾದ ಉಪಶೀರ್ಷಿಕೆಯ ಪಕ್ಕದಲ್ಲೇ ಇರುವ ‘ಸಂಪಾದಿಸಿ’ ಒತ್ತಿ. ಆ ಭಾಗ ಮಾತ್ರ ತೆರೆದುಕೊಳ್ಳುತ್ತದೆ, ಅಲ್ಲಿ ಹೆಚ್ಚಾಗಿ ಸಾದಾ ಕನ್ನಡವೇ ಇರುತ್ತದೆ.

1995ರಲ್ಲಿ ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು, ಅಂದರೆ ಓದುಗರೇ ತಿದ್ದಬಹುದಾದ ಜಾಲತಾಣವನ್ನು, ಶುರು ಮಾಡಿದಾಗ ಇದ್ದ ಆಸೆಯೇ ಇದು: ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಗೊತ್ತಿಲ್ಲದವರೂ ಪುಟ ತಿದ್ದುವಂತಾಗಬೇಕು. ಅದಕ್ಕೇ ಕೀಲಿಮಣೆಯಲ್ಲಿ ಇರುವ ಚಿಹ್ನೆಗಳನ್ನೇ ಬಳಸಿಕೊಂಡರು. ಇಂದಿನ ವಿಕಿಪೀಡಿಯದಲ್ಲಿ ಪದದ ಎರಡೂ ಬದಿಗೆ ಮೂರು ಮೂರು ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಅಕ್ಷರ ದಪ್ಪ: '''ಜೋಗ ಜಲಪಾತ'''. ಎರಡೆರಡು ಹಾಕಿದರೆ ಓರೆ. ಸಾಲಿನ ಎರಡೂ ತುದಿಗೆ == ಇಟ್ಟರೆ ಉಪಶೀರ್ಷಿಕೆ. ಸಾಲಿನ ಮೊದಲಿಗೆ * ಇಟ್ಟರೆ ಚುಕ್ಕೆಯ ಪಟ್ಟಿ, # ಇಟ್ಟರೆ ಅಂಕಿಯ ಪಟ್ಟಿ. ಇಷ್ಟರಲ್ಲಿ ಮುಕ್ಕಾಲು ಕೆಲಸ ಆಗುತ್ತದೆ.

ನಿಜವಾಗಿ ಕೂತು ಕಲಿಯಬೇಕಾದ್ದು ಕೊಂಡಿ (ಲಿಂಕ್) ಹಾಕೋದನ್ನು. ಎರಡು ಚೌಕ ಆವರಣದ ನಡುವೆ ಪುಟದ ಹೆಸರು ಬರೆದರೆ ಕೊಂಡಿ ಆಗುತ್ತದೆ: [[ಮೈಸೂರು]]. ಆದರೆ ನಾವು ವಾಕ್ಯದಲ್ಲಿ ‘ಮೈಸೂರು’ ಅಂತ ಬರೆಯೋದು ಕಡಿಮೆ. ಮೈಸೂರಿನಲ್ಲಿ, ಮೈಸೂರಿಗೆ, ಮೈಸೂರಿನಿಂದ ಅಂತಲೇ ಬರುತ್ತದೆ. [[ಮೈಸೂರಿನಲ್ಲಿ]] ಅಂತ ಬರೆದರೆ ವಿಕಿ ಆ ಹೆಸರಿನ ಪುಟವನ್ನೇ ಹುಡುಕುತ್ತದೆ, ಸಿಗದೆ ಕೊಂಡಿ ಕೆಂಪಾಗುತ್ತದೆ. ಹಾಗಾಗಿ ನಡುವೆ ಒಂದು ನೇರ ಗೆರೆ ಹಾಕಬೇಕು: [[ಮೈಸೂರು|ಮೈಸೂರಿನಲ್ಲಿ]]. ಗೆರೆಯ ಎಡಕ್ಕೆ ಪುಟದ ಹೆಸರು, ಬಲಕ್ಕೆ ಓದುಗರಿಗೆ ಕಾಣಬೇಕಾದ್ದು. ಕನ್ನಡದಲ್ಲಿ ಬರೆಯುವವರಿಗೆ ಈ ಒಂದು ಗೆರೆ ಪ್ರತಿ ಪ್ಯಾರಾದಲ್ಲೂ ಬೇಕಾಗುತ್ತದೆ. ಇಂಗ್ಲಿಷ್ ಸಹಾಯ ಪುಟಗಳನ್ನು ಓದಿ ಕಲಿತರೆ ಇದರ ಬೆಲೆ ಗೊತ್ತಾಗೋದೇ ಇಲ್ಲ. ಇನ್ನೊಂದು ಮಾತು. ಉಳಿಸುವ ಮೊದಲು ಮುನ್ನೋಟದಲ್ಲಿ ನೋಡಿ, ನೀವು ಹಾಕಿದ ಕೊಂಡಿಯನ್ನು ಹೊಸ ಟ್ಯಾಬ್‌ನಲ್ಲಿ ತೆರೆದು ಪರೀಕ್ಷಿಸಿ. ‘ಸಾಗರ’ ಶಿವಮೊಗ್ಗ ಜಿಲ್ಲೆಯ ಊರೂ ಹೌದು, ಸಮುದ್ರವೂ ಹೌದು. ಕೊಂಡಿ ನೀಲಿಯಾಗಿದೆ ಅಂದ ಮಾತ್ರಕ್ಕೆ ಸರಿಯಾದ ಕಡೆಗೇ ಹೋಗುತ್ತದೆ ಅಂತ ಅಲ್ಲ.

ಹೊಸಬರು ಬಿಟ್ಟುಹೋಗೋದು ಚಿಹ್ನೆಗಳಿಂದ ಅಲ್ಲ, ಕೀಲಿಮಣೆಯಿಂದ ಅನ್ನೋದು ನನ್ನ ಅನಿಸಿಕೆ. ನೀವು ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀಲಿ ವಿನ್ಯಾಸ ಬಳಸುವವರಾದರೆ ಒಂಟಿ ಉದ್ಧರಣ ಚಿಹ್ನೆಯ ಕೀಲಿಯಲ್ಲಿ ‘ಟ’ ಕೂತಿರುತ್ತದೆ, ಚೌಕ ಆವರಣದ ಕೀಲಿಯಲ್ಲಿ ‘ಡ’. ದಪ್ಪ ಮಾಡೋಕೆ ಹೋದರೆ ‘ಟಟಟ’ ಬೀಳುತ್ತದೆ, ಕೊಂಡಿ ಹಾಕೋಕೆ ಹೋದರೆ ‘ಡಡ’. ವಿಕಿಪೀಡಿಯದ್ದೇ ಬರವಣಿಗೆ ಸೌಲಭ್ಯ ಬಳಸುತ್ತಿದ್ದರೆ ಕಂಟ್ರೋಲ್ ಜೊತೆ ಎಂ ಒತ್ತಿ. ಇಂಗ್ಲಿಷಿಗೆ ಹೋಗುತ್ತದೆ, ಇನ್ನೊಮ್ಮೆ ಒತ್ತಿದರೆ ಕನ್ನಡಕ್ಕೆ ವಾಪಸ್. ಕೈಗೆ ಇದು ರೂಢಿಯಾಗುವವರೆಗೆ ಪದವನ್ನು ಆಯ್ಕೆ ಮಾಡಿಕೊಂಡು ಮೇಲಿನ ಪಟ್ಟಿಯಲ್ಲಿರುವ ದಪ್ಪ ಅಕ್ಷರದ ಗುಂಡಿ, ಕೊಂಡಿಯ ಗುಂಡಿ ಒತ್ತಿ. ಚಿಹ್ನೆಗಳು ತಾವೇ ಬಂದು ಕೂರುತ್ತವೆ. ಅದನ್ನು ನೋಡುತ್ತಾ ನೋಡುತ್ತಾ ಕಲಿಯಬಹುದು.

ವರ್ಡ್‌ನಲ್ಲಿ ಬರೆದು ತಂದು ಅಂಟಿಸುವವರು ಒಂದು ವಿಷಯ ಗಮನಿಸಬೇಕು. ವರ್ಡ್ ನೇರ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಾಯಿಸಿಬಿಡುತ್ತದೆ. ಬಾಗಿದ್ದು ವಿಕಿಗೆ ಅರ್ಥ ಆಗಲ್ಲ, ಅಕ್ಷರ ದಪ್ಪ ಆಗೋದೂ ಇಲ್ಲ. ಹಾಗೇ ಎರಡು ಒಂಟಿ ಚಿಹ್ನೆಯ ಜಾಗದಲ್ಲಿ ಒಂದು ಜೋಡಿ ಚಿಹ್ನೆ ಹಾಕಿದರೂ ಕಣ್ಣಿಗೆ ಒಂದೇ ಥರ ಕಾಣುತ್ತದೆ, ಕೆಲಸ ಮಾತ್ರ ಮಾಡಲ್ಲ. ಸಾಲಿನ ಶುರುವಿನಲ್ಲಿ ಸುಮ್ನೆ ಒಂದು ಖಾಲಿ ಜಾಗ ಉಳಿದರೂ ಆ ಸಾಲು ಬೂದು ಪೆಟ್ಟಿಗೆಯೊಳಗೆ ಹೋಗಿ ಕೂರುತ್ತದೆ. ಹೊಸ ಪ್ಯಾರಾ ಬೇಕಿದ್ದರೆ ಒಂದು ಸಲ ಎಂಟರ್ ಒತ್ತಿದರೆ ಸಾಲದು, ನಡುವೆ ಒಂದು ಸಾಲು ಖಾಲಿ ಬಿಡಬೇಕು.

‘ವಿಷುಯಲ್ ಎಡಿಟರ್ ಇದೆಯಲ್ಲ, ಇದೆಲ್ಲ ಯಾಕೆ’ ಅಂತ ಕೆಲವರು ಹೇಳಬಹುದು. ಚಿಹ್ನೆ ಕಾಣಿಸದೆ, ಓದುವ ಪುಟದ ರೂಪದಲ್ಲೇ ತಿದ್ದಲು ಬಿಡುವ ಸೌಲಭ್ಯ ಅದು. ಅದರಲ್ಲಿ ಶುರು ಮಾಡಿ, ಏನೂ ತಪ್ಪಿಲ್ಲ. ಮಾಹಿತಿ ಎಲ್ಲಿಂದ ಬಂತು ಅನ್ನೋದನ್ನು ಸೇರಿಸೋಕೆ ಅದರ ಉಲ್ಲೇಖದ ಗುಂಡಿಯೇ ಸುಲಭ. ನಿಮ್ಮೂರಿನ ದೇವಸ್ಥಾನದ ಶಾಸನದ ಬಗ್ಗೆ ಬರೆದರೆ ಅದು ಯಾವ ಪುಸ್ತಕದಲ್ಲಿದೆ ಅಂತ ಹಾಕಲೇಬೇಕು. ಇಲ್ಲದಿದ್ದರೆ ನಿಮ್ಮ ಸಾಲನ್ನು ಯಾರಾದರೂ ತೆಗೆಯಬಹುದು, ಅದು ನ್ಯಾಯವೂ ಹೌದು. ಆದರೆ ಯಾರೋ ಆವರಣ ಮುಚ್ಚೋದು ಮರೆತು ಅರ್ಧ ಪುಟ ಕೆಟ್ಟಿದ್ದರೆ ಅದನ್ನು ಸರಿಮಾಡೋಕೆ ಚಿಹ್ನೆಗಳಿರುವ ಈ ಮೂಲ ಪಠ್ಯ ಓದಲು ಬರಬೇಕು. ಆ ಶಕ್ತಿ ನಿಮ್ಮ ಕೈಲಿ ಇರಲಿ ಅನ್ನೋದು ನನ್ನ ಆಸೆ.

ಖಾತೆ ತೆರೆದರೆ ನಿಮಗೇ ಅಂತ ಒಂದು ಪ್ರಯೋಗಪುಟ ಸಿಗುತ್ತದೆ. ಮೊದಲು ಅಲ್ಲಿ ಬರೆದು ನೋಡಿ. ಆಮೇಲೆ ಊರಿನ ಪುಟಕ್ಕೆ ಹೋಗಿ. ನಿಮ್ಮ ಸಾಲನ್ನು ಬೇರೆ ಯಾರಾದರೂ ತಿದ್ದಿದರೆ ಬೇಸರ ಬೇಡ, ಪುಟದ ಇತಿಹಾಸ ತೆರೆದು ಎರಡು ಆವೃತ್ತಿಗಳನ್ನು ಹೋಲಿಸಿ ನೋಡಿ. ಎಡಕ್ಕೆ ನೀವು ಬರೆದದ್ದು, ಬಲಕ್ಕೆ ಅವರು ತಿದ್ದಿದ್ದು ಪಕ್ಕಪಕ್ಕದಲ್ಲೇ ಕಾಣುತ್ತದೆ, ಯಾವ ಚಿಹ್ನೆ ಎಲ್ಲಿ ಬಂತು ಅಂತ ಥಟ್ಟನೆ ತಿಳಿಯುತ್ತದೆ. ಯಾಕೆ ತಿದ್ದಿದರು ಅಂತ ಗೊತ್ತಾಗದಿದ್ದರೆ ಚರ್ಚೆ ಪುಟದಲ್ಲಿ ಕೇಳಿ. ಮೂಲ ಪಠ್ಯದಲ್ಲಿ ಬರೆಯುತ್ತಿದ್ದರೆ ಕೊನೆಗೆ ~~~~ ಹಾಕಿ, ನಿಮ್ಮ ಹೆಸರು, ತಾರೀಕು, ಸಮಯ ತಾನಾಗೇ ಬೀಳುತ್ತದೆ.