ಸರ್ಕಾರ ದುಡ್ಡು ಹಾಕಿದರೆ ಖಾಸಗಿಯವರು ಓಡಿಹೋಗುತ್ತಾರಾ?

ಒಂದು ಪ್ರದೇಶದಲ್ಲಿ ಸರ್ಕಾರವೇ ಜಾಸ್ತಿ ದುಡ್ಡು ಹಾಕಿದರೆ ಖಾಸಗಿಯವರು ಹಿಂದೆ ಸರಿಯುತ್ತಾರಾ ಅಂತ ಕೇಳಿದ್ದೀರಿ. ಸರಿಯಬಹುದು, ನುಗ್ಗಿ ಬರಲೂಬಹುದು. ದುಡ್ಡು ಯಾವುದಕ್ಕೆ ಹೋಯಿತು ಅನ್ನುವುದೇ ಮುಖ್ಯ.

ಅಮೆರಿಕದ ಟೆನೆಸ್ಸಿ ಕಣಿವೆಯನ್ನೇ ನೋಡಿ. ಆಗ ಅದು ತೀರಾ ಬಡ ಪ್ರದೇಶ. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಟೆನೆಸ್ಸಿ ವ್ಯಾಲಿ ಅಥಾರಿಟಿ ಅನ್ನುವ ಸರ್ಕಾರಿ ಸಂಸ್ಥೆ ಶುರು ಮಾಡಿತು. ಅಣೆಕಟ್ಟು ಕಟ್ಟಿದರು, ಅಗ್ಗದ ಕರೆಂಟ್ ಕೊಟ್ಟರು, ನದಿಯಲ್ಲಿ ಸರಕು ಸಾಗಿಸಲು ದಾರಿ ಮಾಡಿದರು. ಕಾರ್ಖಾನೆಗಳು ಬಂದವು. ನನಗೆ ಕುತೂಹಲ ಅನ್ನಿಸುವುದು ಆಮೇಲಿನ ಕಥೆ. ಕೇಂದ್ರದ ಅನುದಾನ ನಿಂತ ಮೇಲೆ ಕೃಷಿಯಲ್ಲಿ ಹೆಚ್ಚಿದ್ದ ಕೆಲಸಗಳು ಕರಗಿದವು, ಕಾರ್ಖಾನೆ ಕೆಲಸಗಳು ಮಾತ್ರ ಬೆಳೆಯುತ್ತಲೇ ಹೋದವು. ಯಾಕೆಂದರೆ ಕಾರ್ಖಾನೆ ಇದ್ದ ಕಡೆ ಬಿಡಿಭಾಗ ಮಾಡುವವರು, ರಿಪೇರಿಯವರು, ಕೆಲಸ ಬಲ್ಲವರು ಸೇರಿಕೊಳ್ಳುತ್ತಾರೆ. ಮುಂದಿನವನಿಗೆ ಅಲ್ಲಿಗೇ ಬರುವುದು ಸಲೀಸು, ಅಲ್ವಾ?

ಸರ್ಕಾರ ಸಿಕ್ಕಾಪಟ್ಟೆ ಸಾಲ ಎತ್ತಿದರೆ ಬಡ್ಡಿ ಏರುತ್ತದೆ, ಖಾಸಗಿಯವರಿಗೆ ಸಾಲ ದುಬಾರಿಯಾಗಿ ಹಿಂದೆ ಸರಿಯುತ್ತಾರೆ ಅನ್ನುವ ವಾದ ಸುಳ್ಳಲ್ಲ. ಆದರೆ ಅದು ಇಡೀ ದೇಶದ ಲೆಕ್ಕ. ಒಂದು ಸಣ್ಣ ಪ್ರದೇಶದಲ್ಲಿ ಬಡ್ಡಿಗಿಂತ ಆಳಿನ ಸಮಸ್ಯೆ ದೊಡ್ಡದು. ಇರುವ ನಾಲ್ಕು ಗಾರೆಯವರೂ ವೆಲ್ಡರುಗಳೂ ಸರ್ಕಾರಿ ಕಾಮಗಾರಿಗೆ ಹೋದರೆ, ಖಾಸಗಿಯವನ ಶೆಡ್ಡು ಅರ್ಧಕ್ಕೇ ನಿಲ್ಲುತ್ತದೆ.