ಲಿವರ್ ಗಡ್ಡೆಗೆ ಟೇಸ್ ಮಾಡಿಸುವಾಗ ಲೆನ್ವಾಟಿನಿಬ್ ಮಾತ್ರೆಯೂ ಬೇಕೇ?

ನಿಮ್ಮ ತಂದೆಯವರಿಗೆ 62 ವರ್ಷ, ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ) ಇದೆ, ಲಿವರಿನಲ್ಲಿ 7 ಸೆಂ.ಮೀ. ಕ್ಯಾನ್ಸರ್ ಗಡ್ಡೆ, ಡಾಕ್ಟರು ಟೇಸ್ (ಗಡ್ಡೆಗೆ ರಕ್ತ ಒಯ್ಯುವ ನಾಳದೊಳಗೇ ಔಷಧ ಬಿಟ್ಟು ದಾರಿ ಮುಚ್ಚುವ ಚಿಕಿತ್ಸೆ) ಜೊತೆ ಲೆನ್ವಾಟಿನಿಬ್ ಮಾತ್ರೆ ಕೊಡೋಣ ಅಂದಿದ್ದಾರೆ, ಎರಡೂ ಬೇಕೇ ಎಂದು ಕೇಳಿದ್ದೀರಿ. ಬೇಕಾಗಬಹುದು. ಆದರೆ ಗಡ್ಡೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಉಳಿದ ಲಿವರಿಗೆ ಎಷ್ಟು ಕಸುವಿದೆ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ಆರೋಗ್ಯವಂತ ಲಿವರಿಗೆ ಸುಮಾರು ಮುಕ್ಕಾಲು ಪಾಲು ರಕ್ತ ಬರುವುದು ಕರುಳಿನ ಕಡೆಯ ಪೋರ್ಟಲ್ ರಕ್ತನಾಳದಿಂದ. ಗಡ್ಡೆ ಮಾತ್ರ ಹೆಚ್ಚಾಗಿ ಹೆಪಾಟಿಕ್ ಅಪಧಮನಿಯ ರಕ್ತದಲ್ಲೇ ಬೆಳೆಯುತ್ತದೆ. ಹಾಗಾಗಿ ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಸಣ್ಣ ಕೊಳವೆ ತೂರಿಸಿ, ಗಡ್ಡೆಗೆ ಹೋಗುವ ಕವಲಿನ ತನಕ ಒಯ್ದು, ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಲಿಪಿಯೋಡಾಲ್ ಎಣ್ಣೆಯಲ್ಲಿ ಕಲಸಿ ಬಿಡುತ್ತಾರೆ. ಹಿಂದೆಯೇ ಜೆಲಾಟಿನ್ ಚೂರುಗಳಿಂದ ದಾರಿ ಮುಚ್ಚುತ್ತಾರೆ. ಆಮೇಲಿನ ಸಿ.ಟಿ.ಯಲ್ಲಿ ಗಡ್ಡೆ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುವುದು ಆ ಎಣ್ಣೆಯಿಂದ.

ತೊಡಕು ಶುರುವಾಗುವುದು ಗಡ್ಡೆಯ ಅಂಚಿನಲ್ಲಿ. ಅಲ್ಲಿ ಸಾಯದೆ ಉಳಿದ ಜೀವಕೋಶಗಳು ಆಮ್ಲಜನಕ ಸಾಲದೆ ವಿ.ಇ.ಜಿ.ಎಫ್. ಎಂಬ ಪ್ರೋಟೀನನ್ನು ಹೆಚ್ಚು ಹೆಚ್ಚು ಸುರಿಸುತ್ತವೆ, ಅದರಿಂದ ಹೊಸ ರಕ್ತನಾಳಗಳು ಚಿಗುರುತ್ತವೆ. ಟೇಸ್ ಆದ ಮೊದಲ ದಿನಗಳಲ್ಲೇ ಇದು ಏರುತ್ತದೆ. ಲೆನ್ವಾಟಿನಿಬ್, ಅದೇ ಬಗೆಯ ಇನ್ನೊಂದು ಮಾತ್ರೆ ಸೊರಾಫೆನಿಬ್ ಈ ಚಿಗುರುವಿಕೆಯನ್ನೇ ತಡೆಯುತ್ತವೆ.

ಆದ್ದರಿಂದ ಮಾತ್ರೆ ಯಾವಾಗ ಶುರುವಾಗುತ್ತದೆ ಅನ್ನುವುದು ಮುಖ್ಯ. ಜಪಾನಿನ ಟ್ಯಾಕ್ಟಿಕ್ಸ್ ಅಧ್ಯಯನದಲ್ಲಿ ಟೇಸ್‌ಗೆ 2–3 ವಾರ ಮೊದಲೇ ಸೊರಾಫೆನಿಬ್ ಕೊಟ್ಟರು. ಕಾಯಿಲೆ ಮುಂದುವರಿಯದೆ ನಿಂತ ಅವಧಿ ಬರೀ ಟೇಸ್ ಆದವರ 13.5 ತಿಂಗಳಿಂದ 25.2ಕ್ಕೆ ಏರಿತು, ಒಟ್ಟು ಆಯುಷ್ಯದಲ್ಲಿ ಮಾತ್ರ ಖಚಿತ ವ್ಯತ್ಯಾಸ ಸಿಗಲಿಲ್ಲ. ಬ್ರಿಟನ್ನಿನ ಟೇಸ್-2 ಅಧ್ಯಯನದಲ್ಲಂತೂ ಸೊರಾಫೆನಿಬ್ ಸೇರಿಸಿದ್ದರಿಂದ ಲಾಭವೇ ಕಾಣಲಿಲ್ಲ. ಚೀನಾದ ಲಾಂಚ್ ಅಧ್ಯಯನದಲ್ಲಿ ಬರೀ ಲೆನ್ವಾಟಿನಿಬ್ ತೆಗೆದುಕೊಂಡವರ ಮಧ್ಯಮ ಆಯುಷ್ಯ 11.5 ತಿಂಗಳು, ಟೇಸ್ ಸೇರಿದಾಗ 17.8. ಅವರೆಲ್ಲ ಮುಂದುವರಿದ ಹಂತದವರು. ಆ ಅಂಕಿಯನ್ನು ನಿಮ್ಮ ತಂದೆಗೆ ಹಾಗೇ ಹಚ್ಚಬೇಡಿ.

ಲೆನ್ವಾಟಿನಿಬ್ ಪ್ರಮಾಣ ತೂಕದ ಮೇಲೆ: 60 ಕೆ.ಜಿ. ಮತ್ತು ಮೇಲ್ಪಟ್ಟು ದಿನಕ್ಕೆ 12 ಮಿ.ಗ್ರಾಂ., ಕಡಿಮೆಯಿದ್ದರೆ 8. ಬಿ.ಪಿ. ಏರುತ್ತದೆ, ಮನೆಯಲ್ಲೇ ದಿನಾ ನೋಡಿ ಬರೆದಿಡಿ. ಮೂತ್ರದ ಪ್ರೋಟೀನು, ಥೈರಾಯ್ಡ್ ಆಗಾಗ ಪರೀಕ್ಷಿಸಬೇಕು. ಅಂಗೈ, ಅಂಗಾಲು ಕೆಂಪಾಗಿ ಉರಿಯತೊಡಗಿದರೆ ಬೊಬ್ಬೆ ಬರುವ ತನಕ ಕಾಯದೆ ತಿಳಿಸಿ. ಟೇಸ್ ಆಸುಪಾಸಿನ ಕೆಲವು ದಿನ ಮಾತ್ರೆ ನಿಲ್ಲಿಸುವುದು ರೂಢಿ. ಊಟ ಸೇರಿ, ಬಿಲಿರುಬಿನ್ (ಲಿವರ್ ಸೋತಾಗ ರಕ್ತದಲ್ಲಿ ಏರುವ, ಕಾಮಾಲೆಯ ಹಳದಿ ವಸ್ತು) ಇಳಿದ ಮೇಲೆ ಮತ್ತೆ ಶುರು. ಎಷ್ಟು ದಿನ ಅನ್ನುವುದನ್ನು ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ.

ವಿ.ಇ.ಜಿ.ಎಫ್. ಅನ್ನೇ ತಡೆಯುವ ಬೆವಾಸಿಜುಮ್ಯಾಬ್ ಇಂಜೆಕ್ಷನ್ನಿನ ವಿಷಯ ಬೇರೆ. ಅದು ವಾರಗಟ್ಟಲೆ ಮೈಯಲ್ಲಿರುತ್ತದೆ, ಮಾತ್ರೆಯಂತೆ ಇವತ್ತು ಬಿಟ್ಟರೆ ನಾಳೆ ಇಳಿಯುವುದಿಲ್ಲ. ಸಿರೋಸಿಸ್ ಇದ್ದವರಿಗೆ ಅನ್ನನಾಳದ ಉಬ್ಬಿದ ನಾಳಗಳು ಒಡೆಯುವ ಭಯ ಇರುವುದರಿಂದ ಮೊದಲು ಎಂಡೋಸ್ಕೋಪಿ ಆಗಲೇಬೇಕು.

ಟೇಸ್ ಆದ ಮೇಲೆ ಕೆಲವು ದಿನ ಜ್ವರ, ಬಲಪಕ್ಕೆ ನೋವು, ವಾಕರಿಕೆ ಸಹಜ. ವಾರ ಕಳೆದ ಮೇಲೆ ಚಳಿಜ್ವರ ಬಂದರೆ ಕೀವುಗಡ್ಡೆ ಇರಬಹುದು. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದವರಲ್ಲಿ ಇದು ಹೆಚ್ಚು, ಮೊದಲೇ ಹೇಳಿಬಿಡಿ. ಕಪ್ಪು ಮಲ, ರಕ್ತವಾಂತಿ, ಮಂಪರು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಿ.

4–6 ವಾರಕ್ಕೆ ಸಿ.ಟಿ. ಮಾಡಿದಾಗ ಗಡ್ಡೆಯ ಅಳತೆ ಒಂದನ್ನೇ ನೋಡಬೇಡಿ, ಕಾಂಟ್ರಾಸ್ಟ್ (ಸಿ.ಟಿ.ಗೆ ಮುನ್ನ ನಾಳಕ್ಕೆ ಕೊಡುವ ದ್ರವ) ಹೀರುವ ಭಾಗ, ಅಂದರೆ ಇನ್ನೂ ಜೀವಂತ ಭಾಗ, ಎಷ್ಟು ಉಳಿದಿದೆ ಎಂದು ಕೇಳಿ. ಎರಡು ಸಲ ಮಾಡಿದರೂ ಅದು ಕುಗ್ಗದಿದ್ದರೆ, ಬಿಲಿರುಬಿನ್ ಏರುತ್ತಾ ಆಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನು) ಇಳಿಯುತ್ತಿದ್ದರೆ, ಮೂರನೇ ಟೇಸ್‌ಗೆ ಒಪ್ಪುವ ಮೊದಲು ಇನ್ನೊಬ್ಬ ತಜ್ಞರಿಗೆ ತೋರಿಸಿ.